ನಾಣ್ಯ ಅಗೆಯುವ ಹುಡುಗರೇ, ಮೊದಲು ಅಕ್ಷರ ಓದಿ!

ದುಡ್ಡೇ ದೊಡ್ಡಪ್ಪ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಈಗ ಆ ದೊಡ್ಡಪ್ಪನನ್ನು ನೆಲದೊಳಗೆ ಹುಡುಕಿಕೊಡುವ ಯಂತ್ರವೂ ಬಂದಿದೆ. ಮೆಟಲ್ ಡಿಟೆಕ್ಟರ್! ಕೆಲವು ಸಾವಿರ ರೂಪಾಯಿ ಕೊಟ್ಟರೆ ಮನೆ ಬಾಗಿಲಿಗೇ ತಂದುಕೊಡುತ್ತಾರೆ. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದ ಹುಡುಗರು ನನ್ನ ಪ್ರೆಸ್ಸಿಗೆ ಬಂದಾಗ ಕೇಳುತ್ತಾರೆ: "ಅಣ್ಣ, ಹಳೇಬೀಡಿನ ಕಡೆ ಹೋದ್ರೆ ಏನಾದ್ರೂ ಸಿಗುತ್ತಾ?"

ಸಿಗುತ್ತದೆ ತಮ್ಮಾ, ಸಿಗುತ್ತದೆ. ಆದರೆ ಸಿಕ್ಕಿದ್ದು ಏನು ಅಂತ ನಿನಗೆ ಗೊತ್ತಾಗುತ್ತದೆಯೇ? ಅದಕ್ಕೆ ಬೆಲೆ ಕಟ್ಟುವವನು ಯಾರು? ನೀನೋ, ಚಿನ್ನ ಕರಗಿಸುವವನೋ, ಕನ್ನಡ ನಾಡೋ? ಇಷ್ಟನ್ನು ಯೋಚಿಸದೆ ಯಂತ್ರ ಹೆಗಲಿಗೇರಿಸಿ ಹೊರಟವನು ಕನ್ನಡದ ಒಂದು ಪುಟವನ್ನು ಹರಿದು ಒಲೆಗೆ ಹಾಕಲು ಹೊರಟಿದ್ದಾನೆ. ಈ ಮಾತು ಕಟುವಾಯಿತು ಅನ್ನಿಸಿದರೆ ಮುಂದೆ ಓದಿ.

ಬಸ್ತಿಹಳ್ಳಿ ಎಲ್ಲಿದೆ ಗೊತ್ತೇ?

ಹಳೇಬೀಡಿಗೆ ಹೋದವರೆಲ್ಲ ಹೊಯ್ಸಳೇಶ್ವರ ಗುಡಿ ನೋಡಿ, ಫೋಟೋ ತೆಗೆದು, ಎಳನೀರು ಕುಡಿದು ಬಸ್ ಹತ್ತುತ್ತಾರೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಬಸ್ತಿಹಳ್ಳಿ ಇದೆ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಎಂದು ಮೂರು ಬಸದಿಗಳು. ಪಾರ್ಶ್ವನಾಥ ಬಸದಿಯ ಕಂಬಗಳನ್ನು ಎಷ್ಟು ನುಣುಪಾಗಿ ತಿರುಗಿಸಿದ್ದಾರೆ ಎಂದರೆ ಎದುರು ನಿಂತರೆ ನಿಮ್ಮ ಮುಖ ಕಾಣುತ್ತದೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ, ಈ ಮೂರು ಗುಡಿಗಳು. ಬಸ್ತಿಹಳ್ಳಿಯ ಬಸದಿಗಳ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಆದರೆ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ.

ಈ ಸುತ್ತಿನ ನೆಲವೆಲ್ಲ ದೋರಸಮುದ್ರ. ಹೊಯ್ಸಳರ ರಾಜಧಾನಿ. ಅಂಗಡಿ ಬೀದಿ, ಟಂಕಸಾಲೆ, ಸೈನ್ಯ, ಸೂಳೆಗೇರಿ, ಮಠ, ಕೆರೆ ಎಲ್ಲ ಇರಬೇಕಾದ ಊರು. ಇಂಥ ನೆಲದ ಮೇಲೆ ಇವತ್ತು ರಾಗಿ, ಜೋಳ, ಆಲೂಗಡ್ಡೆ ಬೆಳೆಯುತ್ತಾರೆ. ನೇಗಿಲು ಹೂಡಿದಾಗ, ಮನೆಗೆ ಪಾಯ ತೋಡಿದಾಗ ಹಳೆಯದೇನೋ ಮೇಲೆ ಬಂದರೆ ಆಶ್ಚರ್ಯ ಏನಿದೆ? ಹಾಗಂತ ಕೊಪ್ಪರಿಗೆಗಟ್ಟಲೆ ಹೊನ್ನು ಕಾದು ಕೂತಿದೆ ಅಂದುಕೊಳ್ಳಬೇಡಿ. ದೋರಸಮುದ್ರದ ಬೊಕ್ಕಸವನ್ನು 1311ರಲ್ಲೇ ದೆಹಲಿಯ ಮಲಿಕ್ ಕಾಫರನ ದಂಡು ಬಾಚಿಕೊಂಡು ಹೋಯಿತು. ಈಗ ಉಳಿದಿರುವುದು ಯಾರದೋ ಸೊಂಟದ ಚೀಲದಿಂದ ಬಿದ್ದ ಒಂದು ಕಾಸು, ಭಯಕ್ಕೆ ಹೂತಿಟ್ಟು ಮರಳಿ ಬಾರದವನ ಒಂದು ಕುಡಿಕೆ. ಆದರೆ ಆ ಒಂದೇ ಕಾಸಿನ ಮೇಲೆ ಏನಿದೆ ನೋಡಿ.

ಕಲ್ಲು ಮತ್ತು ಕಾಸು ಮಾತಾಡುವ ಊರು

ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯ ಸುಮಾರು 4 ಗ್ರಾಂ ತೂಗುತ್ತದೆ. ಒಂದು ಕಡೆ ಸಿಂಹ. ಇನ್ನೊಂದು ಕಡೆ ಮೂರು ಸಾಲಿನಲ್ಲಿ ಬರಹ. ಯಾವ ಭಾಷೆ? ಸಂಸ್ಕೃತವೇ? ಅಲ್ಲ ಸ್ವಾಮಿ, ಕನ್ನಡ! ಯಾವ ಲಿಪಿ? ಕನ್ನಡ! "ಶ್ರೀ ತಲಕಾಡುಗೊಂಡ." ತಲಕಾಡನ್ನು ಗೆದ್ದವನು ಅಂತ. ಇನ್ನೊಂದು ಬಗೆಯ ನಾಣ್ಯದಲ್ಲಿ "ಶ್ರೀ ನೊಣಂಬವಾಡಿಗೊಂಡ." ರಾಜ ತನ್ನ ಗೆಲುವನ್ನು ಊರೂರಿಗೆ ಸಾರಿದ್ದು ಕನ್ನಡದಲ್ಲಿ, ಚಿನ್ನದ ಮೇಲೆ. ಆಗ ಪೇಪರ್ ಇರಲಿಲ್ಲ, ರೇಡಿಯೋ ಇರಲಿಲ್ಲ. ನಾಣ್ಯವೇ ಪತ್ರಿಕೆ. ಕೈಯಿಂದ ಕೈಗೆ ಓಡಾಡುವ ಕನ್ನಡ ಪತ್ರಿಕೆ.

ಈಗ ಬಸ್ತಿಹಳ್ಳಿಗೆ ಬನ್ನಿ. 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಕಿತ್ತುಕೊಂಡ ದಂಡನಾಯಕ ಯಾರು? ಗಂಗರಾಜ. ಆ ಗಂಗರಾಜ ತೀರಿಕೊಂಡ ಮೇಲೆ ಅವನ ನೆನಪಿಗೆ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ್ದೇ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ. ಅಲ್ಲಿನ ಶಾಸನ ಒಂದು ಕಥೆ ಹೇಳುತ್ತದೆ. ಪ್ರತಿಷ್ಠೆಯ ಪ್ರಸಾದ ಹಿಡಿದು ಪೂಜಾರಿಗಳು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿ ಹೋದರು. ಅದೇ ಹೊತ್ತಿಗೆ ರಾಜನಿಗೆ ಯುದ್ಧದಲ್ಲಿ ಗೆಲುವು, ಮನೆಯಲ್ಲಿ ಗಂಡು ಮಗು. ಸಂತೋಷದಲ್ಲಿ ದೇವರಿಗೆ ವಿಜಯ ಪಾರ್ಶ್ವ, ಮಗನಿಗೆ ವಿಜಯ ನರಸಿಂಹ ಎಂದು ಹೆಸರಿಟ್ಟ.

ಕಾಸು ಹೇಳುತ್ತದೆ: ತಲಕಾಡು ಗೆದ್ದೆವು. ಕಲ್ಲು ಹೇಳುತ್ತದೆ: ಗೆದ್ದವನ ಮಗ ಈ ಬಸದಿ ಕಟ್ಟಿಸಿದ. ಎರಡೂ ಕನ್ನಡದಲ್ಲಿ ಮಾತಾಡುತ್ತಿವೆ. ತಲಕಾಡುಗೊಂಡ ನಾಣ್ಯವೊಂದು ಬಸ್ತಿಹಳ್ಳಿಯ ಹೊಲದಲ್ಲೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಎಂಟುನೂರು ವರ್ಷ ದೂರವಾಗಿದ್ದ ಅಣ್ಣತಮ್ಮಂದಿರು ಒಂದಾದ ಹಾಗೆ. ಅದನ್ನೇ ರಾತ್ರೋರಾತ್ರಿ ಅಗೆದು ಪೇಟೆಯಲ್ಲಿ ಕರಗಿಸಿದರೆ? 4 ಗ್ರಾಂ ಚಿನ್ನ. ಅಷ್ಟೇ. ಯಾರದೋ ಕಿವಿಯ ಓಲೆಯಾಗಿ ತೂಗಾಡುತ್ತದೆ.

ಯಂತ್ರಕ್ಕೆ ಕನ್ನಡ ಬರುವುದಿಲ್ಲ

ನಾನು ಪಿಯುಸಿ ಓದಿದವನು, ದೊಡ್ಡ ವಿದ್ವಾಂಸನಲ್ಲ. ಆದರೆ ಅಕ್ಷರದ ಕಸುಬು ನನ್ನದು. ನಮ್ಮಪ್ಪನ ಕಾಲದಲ್ಲಿ ಒಂದೊಂದೇ ಅಚ್ಚುಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದರು. ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ, ಕಾಗದದ ಮೇಲೆ ಬಿದ್ದಾಗ ನೆಟ್ಟಗಾಗುತ್ತದೆ. ನಾಣ್ಯ ಮಾಡಿದ್ದೂ ಹೀಗೆಯೇ. ಟಂಕಸಾಲೆಯವನು ಗಟ್ಟಿ ಲೋಹದಲ್ಲಿ ಉಲ್ಟಾ ಅಕ್ಷರ ಕೊರೆದು ಅಚ್ಚು ಮಾಡುತ್ತಿದ್ದ. ಮೆತ್ತನೆಯ ಚಿನ್ನದ ಬಿಲ್ಲೆಯ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದರೆ ಅಕ್ಷರ ಮೂಡುತ್ತಿತ್ತು. ಅವನ ಕೆಲಸಕ್ಕೂ ಅಚ್ಚು ಬೇಕು, ನನ್ನ ಕೆಲಸಕ್ಕೂ ಅಚ್ಚು ಬೇಕು. ಕನ್ನಡದ ಮೊದಲ ಮುದ್ರಕ ಯಾರು ಅಂತ ಕೇಳಿದರೆ ನಾನು ಆ ಟಂಕಸಾಲೆಯವನ ಕಡೆ ಕೈ ತೋರಿಸುತ್ತೇನೆ!

ಡಿಟೆಕ್ಟರಿಗೆ ಇದೆಲ್ಲ ಗೊತ್ತಿಲ್ಲ. ಅದರ ಕೆಳಗಿನ ತಂತಿ ಸುರುಳಿ ನೆಲಕ್ಕೆ ಅಯಸ್ಕಾಂತದ ಅಲೆ ಬಿಡುತ್ತದೆ. ಒಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಹರಿದು ಮರಳಿ ಸುಳಿವು ಕೊಡುತ್ತದೆ. ಯಂತ್ರ ಕುಯ್ಯೋ ಅನ್ನುತ್ತದೆ. ಅಷ್ಟೇ ಅದರ ವಿದ್ಯೆ. ಎತ್ತಿನ ಲಾಳಕ್ಕೂ ಕೂಗುತ್ತದೆ, ಸೋಡಾ ಮುಚ್ಚಳಕ್ಕೂ ಕೂಗುತ್ತದೆ. ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆಗೂ ಸಣ್ಣ ಚಿನ್ನದ ಹಣಕ್ಕೂ ಹೆಚ್ಚುಕಮ್ಮಿ ಒಂದೇ ದನಿ. ಕಬ್ಬಿಣದಂಶ ತುಂಬಿದ ಕೆಂಪು ಮಣ್ಣಿನಲ್ಲಿ ಸುಮ್ಮಸುಮ್ಮನೆಯೂ ಕೂಗುತ್ತದೆ. ಒಂಟಿ ನಾಣ್ಯವಾದರೆ ಒಂದು ಗೇಣು ಆಳದಲ್ಲಿದ್ದರೆ ಸಿಕ್ಕೀತು, ಅದಕ್ಕಿಂತ ಬಹಳ ಕೆಳಗಿದ್ದರೆ ಇಲ್ಲ. ಮೂವತ್ತು ಅಡಿ ಆಳದ ಚಿನ್ನ ತೋರಿಸುತ್ತೇವೆ ಅಂತ ಜಾಹೀರಾತು ಹಾಕುವವರು ನಿಮ್ಮ ಜೇಬಿನ ಚಿನ್ನವನ್ನು ಮಾತ್ರ ಕಂಡಿದ್ದಾರೆ.

ಒಂದು ಸಲ ಒಬ್ಬ ಹಳೇ ನಾಣ್ಯದ ವ್ಯಾಪಾರಿ ಹ್ಯಾಂಡ್‌ಬಿಲ್ ಮಾಡಿಸಲು ನಮ್ಮ ಪ್ರೆಸ್ಸಿಗೆ ಬಂದ. ಹಳೆಯ ಚಿನ್ನ, ಬೆಳ್ಳಿ, ತಾಮ್ರದ ನಾಣ್ಯಗಳನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತೇವೆ, ಹಳ್ಳಿಗೆ ನಾವೇ ಬರುತ್ತೇವೆ ಅಂತ ಬರೆದುಕೊಂಡು ಬಂದಿದ್ದ. ಕೇಳಿದೆ: "ಅದರ ಮೇಲೆ ಬರೆದಿರೋದಕ್ಕೆ ಎಷ್ಟು ಕೊಡ್ತೀರಿ ಯಜಮಾನ್ರೇ?" ಆತ ನಕ್ಕ. "ಬರೆದಿರೋದಕ್ಕೆ ಯಾರು ದುಡ್ಡು ಕೊಡ್ತಾರೆ ಸ್ವಾಮಿ, ತೂಕ ಇದ್ರೆ ಸಾಕು." ಮುಂಗಡ ವಾಪಸ್ ಕೊಟ್ಟು ಕಳಿಸಿದೆ. ಅಕ್ಷರಕ್ಕೆ ಬೆಲೆ ಇಲ್ಲ ಎನ್ನುವವನಿಗೆ ಅಕ್ಷರ ಅಚ್ಚು ಮಾಡಿಕೊಡುವುದು ಹೇಗೆ?

ಕಾಯ್ದೆಯೂ ತಕ್ಕಡಿ ಹಿಡಿದಿತ್ತು!

ಆ ವ್ಯಾಪಾರಿಯನ್ನು ಬೈದು ಪ್ರಯೋಜನವಿಲ್ಲ. ಬ್ರಿಟಿಷರು 1878ರಲ್ಲಿ ಭಾರತಕ್ಕೆ ಒಂದು ನಿಧಿ ಕಾಯ್ದೆ ಮಾಡಿದರು. ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು, ಬಚ್ಚಿಟ್ಟರೆ ಜೈಲು. ಸರಿ. ಆದರೆ ಸರ್ಕಾರ ಆ ನಿಧಿಯನ್ನು ಇಟ್ಟುಕೊಳ್ಳಬೇಕಾದರೆ ಕೊಡಬೇಕಾದ ಬೆಲೆ ಎಷ್ಟು? ಅದರಲ್ಲಿರುವ ಲೋಹದ ಬೆಲೆ, ಜೊತೆಗೆ ಅದರ ಐದನೇ ಒಂದು ಪಾಲು. ಅಂದರೆ ಕಾಯ್ದೆ ಬರೆದವರೂ ತಕ್ಕಡಿಯನ್ನೇ ಹಿಡಿದಿದ್ದರು. ಅಕ್ಷರ, ಚರಿತ್ರೆ, ಅಪರೂಪ, ಊರಿನ ಹೆಸರು, ಎಲ್ಲ ಸೇರಿ ಲೋಹದ ಮೇಲೆ ಬರೀ ನಾಲ್ಕಾಣೆಗಿಂತ ಕಡಿಮೆ!

1962ರಲ್ಲಿ ನಮ್ಮ ರಾಜ್ಯ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿತು. ನಿಧಿ ಸಿಕ್ಕವನು ಅಧಿಕಾರಿಗಳಿಗೆ ತಿಳಿಸಲೇಬೇಕು ಎಂಬುದು ಉಳಿದೇ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ದೇಶದ ಹೊರಗೆ ಸಾಗಿಸುವಂತಿಲ್ಲ. ರಕ್ಷಿತ ಬಸದಿಯ ಆವರಣದಲ್ಲಿ ಅನುಮತಿ ಇಲ್ಲದೆ ಗುದ್ದಲಿ ಹಾಕಿದರೆ ಅದು ಅಪರಾಧ. ಬಸ್ತಿಹಳ್ಳಿಗೆ ಯಂತ್ರ ಹೊತ್ತು ಹೋಗುವ ಪಟ್ಟಣದ ಹುಡುಗರು ಇದನ್ನು ನೆನಪಿಟ್ಟುಕೊಳ್ಳಿ. ಅದು ಪಿಕ್‌ನಿಕ್ ಅಲ್ಲ, ಪೊಲೀಸ್ ಕೇಸು.

ನಾಣ್ಯಕ್ಕೆ ವಿಳಾಸ ಬೇಕು

"ನಾವೇನು ಕರಗಿಸೋದಿಲ್ಲ, ಜೋಪಾನವಾಗಿ ಇಟ್ಕೊಳ್ತೀವಿ" ಎನ್ನುವವರೂ ಇದ್ದಾರೆ. ಅವರಿಗೂ ಒಂದು ಮಾತು. ನಾಣ್ಯದ ಅರ್ಧ ಬೆಲೆ ಅದು ಮಲಗಿದ್ದ ಜಾಗದಲ್ಲಿದೆ. ಗೋಡೆಯ ಪಾಯದ ಅಡಿಯಲ್ಲಿ ವಿಷ್ಣುವರ್ಧನನ ನಾಣ್ಯ ಸಿಕ್ಕರೆ ಆ ಗೋಡೆ ಅವನಿಗಿಂತ ಹಿಂದಿನದಲ್ಲ ಎಂದು ಗೊತ್ತಾಗುತ್ತದೆ. ಮಡಕೆ ಚೂರಿನ ಜೊತೆ ಸಿಕ್ಕರೆ ಆ ಮಡಕೆಗೂ ಒಂದು ಕಾಲ ಸಿಗುತ್ತದೆ. ಕಿತ್ತು ಜೇಬಿಗೆ ಹಾಕಿಕೊಂಡರೆ ನಾಣ್ಯ ಉಳಿಯುತ್ತದೆ, ಸಾಕ್ಷಿ ಸಾಯುತ್ತದೆ.

ಇದಕ್ಕೆ ಉದಾಹರಣೆ ನಮ್ಮ ಚಿತ್ರದುರ್ಗದ ಚಂದ್ರವಳ್ಳಿ. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಲ್ಲಿ ಅಗೆಸಿದರು. ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಪದರ ಪದರವಾಗಿ ಅಗೆಸಿದರು. ಶಾತವಾಹನರ ನಾಣ್ಯಗಳು ಸಿಕ್ಕವು, ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೂ ಸಿಕ್ಕಿತು. ಆ ರೋಮನ್ ನಾಣ್ಯದ ಕಾಲ ಗೊತ್ತಿದ್ದುದರಿಂದ ಅದಿದ್ದ ಪದರಕ್ಕೂ ಕಾಲ ಹೇಳಲು ಸಾಧ್ಯವಾಯಿತು. ಎರಡು ಸಾವಿರ ವರ್ಷದ ಹಿಂದೆ ನಮ್ಮ ದುರ್ಗದ ಜನ ಕಡಲಾಚೆಯವರೊಡನೆ ವ್ಯವಹಾರದ ಕೊಂಡಿ ಇಟ್ಟುಕೊಂಡಿದ್ದರು ಎಂಬುದಕ್ಕೆ ಸಾಕ್ಷಿ ನಿಂತಿತು. ಬೆಂಗಳೂರಿನವರೂ ಕೇಳಿ: 1891ರಲ್ಲಿ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಯಶವಂತಪುರದಲ್ಲಿ ಸಿಕ್ಕಿದ್ದು ಎಂಬ ವಿಳಾಸ ಉಳಿದಿದ್ದಕ್ಕೇ ಅದು ನಮ್ಮ ನಗರದ ಚರಿತ್ರೆಯಾಯಿತು. ಇಲ್ಲದಿದ್ದರೆ ಯಾವುದೋ ದೇಶದ ಬೆಳ್ಳಿ ಬಿಲ್ಲೆ!

ವಿಳಾಸ ಮಾತ್ರವಲ್ಲ, ನಿಧಿಯ ಹುಚ್ಚು ಗುಡಿಗೋಪುರಗಳನ್ನೂ ನುಂಗುತ್ತಿದೆ. 2019ರ ಜುಲೈನಲ್ಲಿ ಆನೆಗೊಂದಿ ಹತ್ತಿರದ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಒಡೆದು ಹಾಕಿದರು. ಪುರಂದರದಾಸರ ಗುರುಗಳ ಬೃಂದಾವನ! ನಾಡಿನ ಹಳ್ಳಿಹಳ್ಳಿಯಲ್ಲಿ ನೋಡಿ. ಬಸವಣ್ಣನ ಹೊಟ್ಟೆ ಬಗೆದಿದ್ದಾರೆ, ವೀರಗಲ್ಲಿನ ಬುಡ ತೋಡಿದ್ದಾರೆ, ಲಿಂಗವನ್ನು ಪೀಠದಿಂದ ಕಿತ್ತಿದ್ದಾರೆ. ಶತ್ರುವಿನ ದಂಡು ಬಿಟ್ಟು ಹೋದದ್ದನ್ನು ನಾವೇ ಮುಗಿಸುತ್ತಿದ್ದೇವೆ.

ಇಂಗ್ಲೆಂಡಿನವರು ಏನು ಮಾಡಿದರು?

ಈ ಯಂತ್ರ ಹಿಡಿದು ಹೊಲ ಸುತ್ತುವ ಹವ್ಯಾಸ ಇಂಗ್ಲೆಂಡಿನಲ್ಲಿ ಬಹಳ. ನಮಗೆ ತಕ್ಕಡಿ ಕಾಯ್ದೆ ಕೊಟ್ಟವರೇ ಅವರು. ಆದರೆ ತಮ್ಮ ಮನೆಯಲ್ಲಿ 1996ರಲ್ಲಿ ಹೊಸ ನಿಧಿ ಕಾಯ್ದೆ ಮಾಡಿಕೊಂಡರು. ಮ್ಯೂಸಿಯಂ ನಿಧಿಯನ್ನು ತೆಗೆದುಕೊಂಡರೆ ಲೋಹದ ಬೆಲೆಯಲ್ಲ, ಪೂರ್ತಿ ಮಾರುಕಟ್ಟೆ ಬೆಲೆ. ಸಾಮಾನ್ಯವಾಗಿ ಸಿಕ್ಕವನಿಗೆ ಅರ್ಧ, ಹೊಲದವನಿಗೆ ಅರ್ಧ. ನಿಧಿ ಅಲ್ಲದ ಸಣ್ಣಪುಟ್ಟ ವಸ್ತು ಸಿಕ್ಕರೂ ಎಲ್ಲಿ ಸಿಕ್ಕಿತು ಎಂದು ಬರೆದುಕೊಳ್ಳುವ ಏರ್ಪಾಡನ್ನು 1997ರಲ್ಲಿ ಶುರು ಮಾಡಿದರು. ಹೀಗೆ ದಾಖಲಾದ ವಸ್ತುಗಳು ಹತ್ತು ಲಕ್ಷ ದಾಟಿವೆ.

ಅದರ ಫಲ ನೋಡಿ. 2010ರಲ್ಲಿ ಡೇವ್ ಕ್ರಿಸ್ಪ್ ಎಂಬಾತನಿಗೆ ಫ್ರೋಮ್ ಎಂಬ ಊರಿನ ಹತ್ತಿರ ಹೊಲದಲ್ಲಿ ಒಂದು ಮಡಕೆಯ ಸುಳಿವು ಸಿಕ್ಕಿತು. ಆತ ಅಗೆಯುವುದನ್ನು ನಿಲ್ಲಿಸಿದ. ಮಣ್ಣು ಮುಚ್ಚಿ ಪುರಾತತ್ವದವರಿಗೆ ಹೇಳಿ ಕಳಿಸಿದ. ಅವರು ಬಂದು ಪದರ ಪದರವಾಗಿ ತೆಗೆದರು. ಒಂದೇ ಮಡಕೆಯಲ್ಲಿ 52,503 ರೋಮನ್ ನಾಣ್ಯಗಳು! ಯಾವ ನಾಣ್ಯ ಯಾವ ಪದರದಲ್ಲಿತ್ತು ಎಂಬ ಲೆಕ್ಕ ಸಿಕ್ಕಿದ್ದರಿಂದ ಇಡೀ ರಾಶಿಯನ್ನು ಒಂದೇ ಸಲಕ್ಕೆ ಹೂತಿದ್ದರು ಎಂದು ತಿಳಿಯಿತು. ಗುದ್ದಲಿ ಹಾಕಿ ಬಾಚಿದ್ದರೆ ಇದು ತಿಳಿಯುತ್ತಿತ್ತೇ? ಮ್ಯೂಸಿಯಂ ಕೊಟ್ಟ 3,20,250 ಪೌಂಡ್ ಸಿಕ್ಕವನಿಗೂ ಹೊಲದವನಿಗೂ ಹಂಚಿಕೆಯಾಯಿತು.

ನಮ್ಮ ಜನ ಕಳ್ಳರೇ? ಅಲ್ಲ. ಬಸ್ತಿಹಳ್ಳಿಯ ರೈತ ಪಾಯ ತೋಡುವಾಗ ನಾಣ್ಯ ಕಂಡರೆ ಅವನಿಗೆ ಮೊದಲು ಬರುವುದು ಸಂತೋಷವಲ್ಲ, ಭಯ. ಜಾಗ ಸರ್ಕಾರ ಕಿತ್ತುಕೊಂಡರೆ? ಮನೆ ಕೆಲಸ ನಿಂತರೆ? ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟಲು ಬಿಡುವುದಿಲ್ಲ, ಆಮೇಲಿನ 200 ಮೀಟರಿಗೆ ಅನುಮತಿ ಬೇಕು. ಮೊದಲೇ ಕಚೇರಿ ಅಲೆದು ಚಪ್ಪಲಿ ಸವೆದಿರುವವನು "ನಾಣ್ಯ ಸಿಕ್ಕಿದೆ ಸಾರ್" ಅಂತ ಇನ್ನೊಂದು ಕಚೇರಿ ಹತ್ತುತ್ತಾನೆಯೇ? ತೂಕಕ್ಕೆ ಕೊಳ್ಳುವವನು ಮಾತ್ರ ಬಾಗಿಲಲ್ಲೇ ನಗದು ಎಣಿಸುತ್ತಾನೆ. ಪ್ರಾಮಾಣಿಕನಿಗೆ ಅಲೆದಾಟ, ಬಚ್ಚಿಟ್ಟವನಿಗೆ ನಗದು. ಇದು ಸರಿ ಹೋಗದೆ ಎಷ್ಟು ಬೋರ್ಡು ನೆಟ್ಟರೂ ನಾಣ್ಯ ಉಳಿಯುವುದಿಲ್ಲ.

ಸಿಕ್ಕರೆ ಏನು ಮಾಡಬೇಕು?

ನಿಮ್ಮ ಊರಿನಲ್ಲಿ, ಅಜ್ಜನ ಮನೆ ಹೊಲದಲ್ಲಿ, ಪಾಯದ ಗುಂಡಿಯಲ್ಲಿ ನಾಣ್ಯ ಕಂಡರೆ ಅಲ್ಲೇ ಅಗೆತ ನಿಲ್ಲಿಸಿ. ಜಾಗದ ಫೋಟೋ ತೆಗೆಯಿರಿ. ಎಷ್ಟು ಆಳ, ಪಕ್ಕದಲ್ಲಿ ಮಡಕೆ ಚೂರು ಇತ್ತೇ, ಬೂದಿ ಇತ್ತೇ, ಬರೆದಿಡಿ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ಗ್ರಾಮ ಪಂಚಾಯ್ತಿಗೆ, ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ ಕನ್ನಡದಲ್ಲೇ ಅರ್ಜಿ ಬರೆದು ಒಪ್ಪಿಸಿ, ಸ್ವೀಕೃತಿ ಪಡೆಯಿರಿ. ಪಟ್ಟಣದಲ್ಲಿರುವ ನೀವು ಹಳ್ಳಿಯ ನಿಮ್ಮ ಚಿಕ್ಕಪ್ಪನಿಗೆ ಆ ಅರ್ಜಿ ಬರೆದುಕೊಡಿ. ಯಂತ್ರ ಹೊತ್ತು ತಿರುಗುವುದಕ್ಕಿಂತ ಅದು ದೊಡ್ಡ ಕನ್ನಡ ಸೇವೆ.

ನಾಣ್ಯದ ಬೆಲೆ ಅಳೆಯುವುದನ್ನೂ ಕಲಿಯಿರಿ. ಲೋಹ, ತೂಕ, ಬರಹ, ಸವೆತ, ಅಪರೂಪ, ಸಿಕ್ಕಿದ ಜಾಗ, ಇವೆಲ್ಲ ಸೇರಿ ಬೆಲೆ. ನಕಲಿ ಹಿಡಿಯಲು ಪ್ರೆಸ್ಸಿನವನ ಕಣ್ಣು ಸಾಕು. ಹೊಡೆದು ಮಾಡಿದ ನಾಣ್ಯದಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರ ಸವೆದ ಮೊಳೆಯ ಹಾಗೆ ಊದಿಕೊಂಡಿರುತ್ತದೆ, ಗುಳ್ಳೆಯ ತೂತು ಇರುತ್ತದೆ, ಅಂಚಿನಲ್ಲಿ ಜೋಡಣೆಯ ಗೆರೆ ಕಾಣುತ್ತದೆ. ಕೈಯಲ್ಲಿ ಹೊಡೆದ ಎರಡು ನಾಣ್ಯ ಎಂದೂ ಪೂರ್ತಿ ಒಂದೇ ಥರ ಇರುವುದಿಲ್ಲ. ಎರಡರಲ್ಲೂ ಅದೇ ಜಾಗದಲ್ಲಿ ಅದೇ ಗೀರು ಇದ್ದರೆ ಎರಡೂ ಒಂದೇ ಎರಕದ ಮಕ್ಕಳು! ಪಾಯ ತೋಡುವಾಗ ನಿಧಿ ಸಿಕ್ಕಿದೆ, ಅರ್ಧ ಬೆಲೆಗೆ ಕೊಡುತ್ತೇವೆ ಎಂದು ಒಂದು ಅಸಲಿ ತೋರಿಸಿ ಚೀಲದ ತುಂಬ ಹಿತ್ತಾಳೆ ಕೊಡುವವರಿಗೆ ನಮ್ಮ ರಾಜ್ಯದಲ್ಲಿ ಬರವಿಲ್ಲ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎನ್ನುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ನಮ್ಮ ಬೇಡಿಕೆ

ಸರ್ಕಾರಕ್ಕೆ ಕೇಳಬೇಕಾದ್ದು ದೊಡ್ಡದೇನಲ್ಲ. ಒಂದು, ನಿಧಿ ಒಪ್ಪಿಸಿದವನಿಗೆ ಲೋಹದ ಬೆಲೆಯಲ್ಲ, ಚರಿತ್ರೆಯ ಬೆಲೆ ಕೊಡಿ. ಗೊತ್ತಾದ ಗಡುವಿನೊಳಗೆ ಕೊಡಿ. ಎರಡು, ಒಪ್ಪಿಸುವ ಅರ್ಜಿ, ರಸೀದಿ, ಉತ್ತರ ಎಲ್ಲ ಕನ್ನಡದಲ್ಲಿ, ತಾಲ್ಲೂಕು ಕಚೇರಿಯಲ್ಲೇ ಇರಲಿ. ಮೂರು, ನಾಣ್ಯ ಯಾವ ಮ್ಯೂಸಿಯಮ್ಮಿಗೆ ಹೋದರೂ ಸಿಕ್ಕಿದ ಊರಿನ ಹೆಸರು ಅದರ ಕೆಳಗಿರಲಿ, ಆ ಊರಿನ ಶಾಲೆಯ ಗೋಡೆಯ ಮೇಲೆ ಅದರ ದೊಡ್ಡ ಫೋಟೋ ಇರಲಿ. ನಾಲ್ಕು, ಹೈಸ್ಕೂಲಿನಲ್ಲೇ ಮಕ್ಕಳಿಗೆ ಹಳೆಯ ಕನ್ನಡ ಲಿಪಿ ಓದುವುದನ್ನು ಕಲಿಸಿ.

ಕೊನೆಗೆ ನಿಮ್ಮ ಜೇಬಿಗೆ ಕೈ ಹಾಕಿ. ಒಂದು ರೂಪಾಯಿ ನಾಣ್ಯ ತೆಗೆಯಿರಿ. ಹಿಂದಿ ಇದೆ, ಇಂಗ್ಲಿಷ್ ಇದೆ. ಕನ್ನಡ ಎಲ್ಲಿದೆ? ನೋಟಿನ ಪಟ್ಟಿಯಲ್ಲಿ ಇರುವೆ ಗಾತ್ರದ ಒಂದು ಸಾಲು ಉಂಟು, ನಾಣ್ಯದಲ್ಲಿ ಅದೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸಿನ ಮೇಲೂ ಕನ್ನಡ ಇತ್ತು. ಕನ್ನಡ ಅಕ್ಷರ ಹೊತ್ತ ನಾಣ್ಯಗಳೆಂದರೆ ಈಗ ನೆಲದೊಳಗೆ ಮಲಗಿರುವ ಅವು, ಗಾಜಿನ ಪೆಟ್ಟಿಗೆಯಲ್ಲಿರುವ ಅವು. ಹೊಸದಾಗಿ ಯಾರೂ ಅಚ್ಚು ಹಾಕುತ್ತಿಲ್ಲ. ಇರುವುದನ್ನೂ ಕರಗಿಸಿದರೆ, ನಮ್ಮ ದೊರೆಗಳು ಚಿನ್ನದ ಮೇಲೆ ಕನ್ನಡ ಬರೆಸಿದ್ದರು ಎಂದು ನಾಳೆ ಯಾವ ಬಾಯಿಂದ ಹೇಳುತ್ತೀರಿ?

ಹಾಗಾಗಿ ಗೆಳೆಯರೇ, ಬಸ್ತಿಹಳ್ಳಿಗೆ ಖಂಡಿತ ಹೋಗಿ. ಯಂತ್ರ ಬೇಡ, ಗುದ್ದಲಿ ಬೇಡ. ಒಂದು ನೋಟ್ ಪುಸ್ತಕ ಒಯ್ಯಿರಿ. ಬೊಪ್ಪದೇವನ ಶಾಸನದ ಮುಂದೆ ಕೂತು ಒಂದು ಸಾಲನ್ನಾದರೂ ಅಕ್ಷರ ಕೂಡಿಸಿ ಓದಿ. ಅದನ್ನು ಓದಲು ಬಂದ ದಿನ, ತಲಕಾಡುಗೊಂಡ ನಾಣ್ಯ ಕೈಗೆ ಸಿಕ್ಕರೂ ನಿಮ್ಮ ಕೈ ತಕ್ಕಡಿಯ ಕಡೆ ಹೋಗುವುದಿಲ್ಲ.